ನಿಂಬೆಹಣ್ಣು ತುಳಿದ ಜೀಪು

“ಬಡೀಬೇಡಿ! ಒಂದು ನಿಮಿಷ ತಡೀರಿ!”

ಹೇಮಲತಾ ಕೂಗಿದ ರಭಸಕ್ಕೆ ಶಿವಮೂರ್ತಿ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದು ನಿಂತ.

ಕವಲಂದೆಯ ಅವನ ಮನೆಯ ಹಿತ್ತಿಲು ಅದು. ಅವನ ಅವ್ವ ಮಂಗಳಮ್ಮ ಖಾರ ಅರೆಯುವ ಒರಳುಕಲ್ಲಿನ ಮೇಲೆ ಜೀಪಿನ ಹಿಂದಿನ ಶಾಫ್ಟು ಅಡ್ಡಲಾಗಿ ಮಲಗಿತ್ತು. ಇಂಜಿನ್ನಿನ ತಿರುಗನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ, ಮಾರುದ್ದದ ಕಬ್ಬಿಣದ ಕೊಳವೆ. ಅದರ ಮೈಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಸುತ್ತ ಬಾಡಿದ ಚೆಂಡುಹೂವಿನ ಸರ.

“ಬಡೀದಿದ್ರ ಬೇರಿಂಗ್ ಕಪ್ಪು ಒಳಕ್ಕ ಓಗಲ್ಲ ಕನ್ರೀ ಮೇಡಮ್ಮೋರೆ. ಬೇರೆ ಯಾರಾದ್ರೂ ಕೈಯಿಟ್ರ ನನ್ನ ಗಾಡಿ ಮಾತು ಕೇಳಲ್ಲ, ಅದ್ಕೇ ಮನೇಲೇ ಮಾಡ್ಕತೀನಿ.”

“ಆ ಕುಂಕುಮ ಉದುರೋಕೆ ಮುಂಚೆ ನಾನು ನೋಡಬೇಕು.”

“ನೋಡಿ, ನೋಡಿ. ಪೋಲೀಸ್ನೋರು ನೋಡಾಯ್ತು, ಊರೋರು ನೋಡಾಯ್ತು, ನೀವೊಬ್ರು ಬಾಕಿ ಇದ್ರಿ.”

ಆಯುಧಪೂಜೆಯ ಸಂಜೆ ನಾಲೆ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುತ್ತಿದ್ದ ಗೋವಿಂದಯ್ಯನನ್ನು ಹಸಿರು ಟಾರ್ಪಾಲಿನ ಜೀಪೊಂದು ಗುದ್ದಿ ಕೊಂದು, ನಿಲ್ಲದೆ ಹೋಗಿತ್ತು. ಸುತ್ತಮುತ್ತ ಅಂಥ ಜೀಪುಗಳು ಎರಡೇ. ಒಂದು ಈ ಶಿವಮೂರ್ತಿಯದು, ಇನ್ನೊಂದು ಹೆಮ್ಮಿಗೆಯ ಚಿಕ್ಕಮಾದುವಿನದು. ಶಿವಮೂರ್ತಿಯ ಜೀಪಿನ ಶಾಫ್ಟು ಅವತ್ತು ದೇವರ ಮುಂದೆ ಹೂ ಮುಡಿದು ಕೂತಿತ್ತು. ಹಾಗಾಗಿ ಚಿಕ್ಕಮಾದು ಲಾಕಪ್ಪಿಗೆ ಹೋಗಿದ್ದ.

ಆ ಚಿಕ್ಕಮಾದುವಿನ ವಕೀಲೆ ಹೇಮಲತಾ. ನಾಳೆ ಬೆಳಗ್ಗೆ ನಂಜನಗೂಡಿನ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ. “ನನ್ನ ಕಕ್ಷಿದಾರ ಅವತ್ತು ಹೆಮ್ಮಿಗೆ ಬಿಟ್ಟು ಕದಲಿಲ್ಲ” ಎನ್ನುವುದೊಂದೇ ಅವಳ ಕೈಯಲ್ಲಿದ್ದ ಮಾತು. ಅದಕ್ಕೆ ಸಾಕ್ಷಿ ಅವನ ಹೆಂಡತಿ ರಾಚಮ್ಮ. ಹೆಂಡತಿಯ ಸಾಕ್ಷಿಗೆ ಕೋರ್ಟಿನಲ್ಲಿ ಎಷ್ಟು ಬೆಲೆಯೆಂಬುದು ಹೇಮಲತಾಗೆ ಚೆನ್ನಾಗಿ ಗೊತ್ತಿತ್ತು.

ರಾಚಮ್ಮ ಈಗಲೂ ಹಿತ್ತಿಲ ಬಾಗಿಲಿಗೆ ಒರಗಿ ನಿಂತಿದ್ದಳು. ಬರುವುದಿಲ್ಲವೆಂದು ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹಟ ಹಿಡಿದವಳನ್ನು ಹೇಮಲತಾಳೇ ಗದರಿಸಿ ಕರೆತಂದಿದ್ದಳು. ಬಂದಾಗಿನಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಕಾನ್ಸ್‌ಟೇಬಲ್ ಚನ್ನಯ್ಯ ಮಾತ್ರ ಹುಣಸೆಮರದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ. ಅವನು ಬಂದದ್ದೂ ಹೇಮಲತಾಳ ಹಟದಿಂದಲೇ. ನಾನು ಕಣ್ಣಾರೆ ಕಂಡದ್ದನ್ನು ನಾಳೆ ಯಾರೂ ಅಲ್ಲಗಳೆಯಬಾರದು, ಇಲಾಖೆಯ ಒಬ್ಬರನ್ನು ಜೊತೆಗೆ ಕಳಿಸಿ ಎಂದು ಅವಳು ಠಾಣೆಯಲ್ಲಿ ಜಗಳ ಕಾದಿದ್ದಳು. ಸಬ್ ಇನ್ಸ್‌ಪೆಕ್ಟರು ಯಾರನ್ನು ಕಳಿಸಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, “ನಾನೇ ಓಗ್ಬತ್ತೀನಿ ಸಾ, ಪಾಪ” ಎಂದು ಚನ್ನಯ್ಯ ತಾನಾಗಿ ಎದ್ದು ಬಂದಿದ್ದ. ಖಾಕಿಯಲ್ಲೂ ಒಳ್ಳೆಯವರಿದ್ದಾರೆ ಎಂದು ಅವಳಿಗೆ ಖುಷಿಯಾಗಿತ್ತು.

“ನೋಡಾಯ್ತಾ ಮೇಡಮ್?” ಎಂದ ಚನ್ನಯ್ಯ. “ಅವತ್ತು ಇಳಿಯೊತ್ನಲ್ಲಿ ಬೀಟಿಗೆ ಬಂದೋನು ಇಲ್ಲೇ ಊಟ ಮಾಡ್ದೆ. ಈ ಶಾಫ್ಟು, ಸ್ಪ್ಯಾನರು, ಜಾಕಿ ಎಲ್ಲಾ ಸಾಲಾಗಿ ಪೂಜೆಗಿಟ್ಟಿದ್ರು. ನನ್ ಕಣ್ಣಾರ ಕಂಡಿವ್ನಿ.”

“ಆಮೇಲೆ ಜೋಡಿಸಿ, ಮತ್ತೆ ಬಿಚ್ಚಿಟ್ಟಿದ್ದರೆ?”

ಮಂಗಳಮ್ಮ ಒಲೆಯ ಮುಂದಿನಿಂದಲೇ ಸಿಡಿದಳು. “ಪೂಜೆಗಿಟ್ಟ ಸಾಮಾನ ವಿಜಯದಶಮಿಗೆ ಮದ್ಲು ಯಾರವ್ವ ಮುಟ್ಟಾರು? ನಿಮ್ ನರಸೀಪುರದಲ್ಲಿ ಮುಟ್ತೀರಾ?”

ಮುಟ್ಟುವುದಿಲ್ಲ. ಹೇಮಲತಾ ತನ್ನ ಪೆನ್ನನ್ನೇ ಅವತ್ತು ಮುಟ್ಟಿರಲಿಲ್ಲ. ಬಗ್ಗಿ ನೋಡಿದಳು. ವಿಭೂತಿಯ ಪಟ್ಟೆ ಎಲ್ಲೂ ಒಡೆದಿರಲಿಲ್ಲ, ಹೂವಿನ ದಾರದ ಗಂಟು ಕಬ್ಬಿಣಕ್ಕೆ ಅಂಟಿ ಒಣಗಿತ್ತು. ಶಾಫ್ಟು ಅಲ್ಲಾಡಿಲ್ಲ. ಶಾಫ್ಟು ಅಲ್ಲಾಡಿಲ್ಲವೆಂದರೆ ಜೀಪೂ ಅಲ್ಲಾಡಿಲ್ಲ. ಜೀಪು ಅಲ್ಲಾಡಿಲ್ಲವೆಂದರೆ ಚಿಕ್ಕಮಾದು ಕೊಲೆಗಾರ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

“ಇನ್ ಬಡೀಬೋದಾ?” ಎಂದ ಶಿವಮೂರ್ತಿ.

“ಬಡೀರಿ.”

ಅವನು ಮೊಣಕಾಲೂರಿದ. ಶಾಫ್ಟಿನ ಕೀಲಿನಲ್ಲಿ ಕೂರುವ ಹೊಸ ಕ್ರಾಸು ಅಧಿಕ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು. ಅದರ ನಾಲ್ಕು ತುದಿಗೂ ಒಂದೊಂದು ಪುಟ್ಟ ಕಪ್ಪು. ಕಪ್ಪಿನೊಳಗೆ ಸೂಜಿಯಂಥ ಕಡ್ಡಿಗಳು ಗ್ರೀಸಿನಲ್ಲಿ ಅಂಟಿಕೊಂಡು ಸುತ್ತಲೂ ನೆಟ್ಟಗೆ ನಿಂತಿರಬೇಕು. ಒಂದು ಸೂಜಿ ಅಡ್ಡ ಬಿದ್ದರೂ ಕಪ್ಪು ಪೂರ್ತಿ ಕೂರದು.

ಸೂಜಿ ಬಿತ್ತು.

ಶಿವಮೂರ್ತಿ ಬೈದುಕೊಂಡು ಕಪ್ಪು ಕಿತ್ತ. ಗ್ರೀಸು ಬಳಿದು ಸೂಜಿ ನಿಲ್ಲಿಸಿದ. ಮತ್ತೆ ಬಡಿದ. ಮತ್ತೆ ಬಿತ್ತು.

“ಕೈ ನಡುಗ್ತಿದೆ ನಿಮಗೆ,” ಎಂದಳು ಹೇಮಲತಾ.

“ತಲೆ ಮ್ಯಾಲೆ ನೀವು ನಿಂತ್ಕಂಡ್ರ ಇನ್ನೇನು ಕುಣೀತದಾ?”

“ಗೋವಿಂದಯ್ಯ ಸತ್ತಮೇಲೆ ನಿಮ್ಮ ಜಮೀನು ವ್ಯಾಜ್ಯ ಸಲೀಸಾಯ್ತಂತೆ?”

ಸುತ್ತಿಗೆ ನಿಂತಿತು. “ಅವ್ನು ಎದುರುಗಡೆ ಸಾಕ್ಷಿ, ಅದು ದಿಟ. ಅವ್ನ ಕಂಡ್ರ ನಂಗಾಗ್ತಿರ್ನಿಲ್ಲ, ಅದೂ ದಿಟ. ಆದ್ರ ಅವತ್ತು ನಾನು ಊರಲ್ಲೇ ಇರ್ನಿಲ್ಲ. ಬೆಳಗ್ಗೆ ಪೂಜೆ ಮುಗಿಸಿ ನಂಜನಗೂಡಲ್ಲಿ ನಮ್ಮಾವನ ಮನೆಗ ಓದೋನು ಬಂದಿದ್ದು ಕತ್ಲಾದ ಮ್ಯಾಲೆ. ಬಸ್ಸಲ್ಲಿ! ಮನೇಲಿ ಜೀಪಿಟ್ಕಂಡು ಬಸ್ಸಲ್ಲಿ ನೇತಾಡ್ಕಂಡು ಬಂದಿವ್ನಿ.”

“ಮಾವನ ಮನೆಯವರು ಹೌದು ಅಂತಾರೆ ಬಿಡಿ. ಅವರಿಗೂ ಅಳಿಯ ಬೇಕಲ್ಲ.”

“ಚಿಕ್ಕಮಾದನ ಎಂಡ್ರು ಏಳಿದ್ದ ನೀವು ನಂಬ್ತೀರಿ. ನಮ್ಮಾವ ಏಳಿದ್ರ ಸುಳ್ಳು. ಚೆಂದಾಗದೆ ನಿಮ್ ನ್ಯಾಯ.”

ಮಾತು ಸರಿಯಾಗಿಯೇ ನಾಟಿತು. ರಾಚಮ್ಮನ ಕಡೆ ನೋಡಿದರೆ ಅವಳು ಮುಖ ಆ ಕಡೆ ತಿರುಗಿಸಿದ್ದಳು. ಹೇಮಲತಾ ನಿಂತಲ್ಲಿ ನಿಲ್ಲಲಾರದೆ ಜೀಪಿನ ಸುತ್ತ ಅಡ್ಡಾಡತೊಡಗಿದಳು. ಅವಳಿಗೆ ಕೂತು ಯೋಚಿಸುವ ಅಭ್ಯಾಸವಿಲ್ಲ. ತಲೆ ಓಡಬೇಕಾದರೆ ಮೊದಲು ಕಾಲು ಓಡಬೇಕು.

ಜೀಪು ಹಳೆಯದು, ಶಿವಮೂರ್ತಿಯ ಅಪ್ಪನ ಕಾಲದ್ದು. ಮುಂದಿನ ಬಂಪರು ರೈಲು ಹಳಿಯಷ್ಟು ದಪ್ಪ. ಸೈಕಲ್ಲೇನು, ಎತ್ತಿನಗಾಡಿ ಗುದ್ದಿದರೂ ಅದಕ್ಕೆ ಗಾಯವಾಗದು. ಅದನ್ನು ನೋಡಿ ಪ್ರಯೋಜನವಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವಳ ಕಣ್ಣು ಮುಂದಿನ ಟೈರಿನ ಮೇಲೆ ನಿಂತಿತು. ಮಡ್‌ಗಾರ್ಡಿಗೆ ಹತ್ತಿರ, ಟೈರಿನ ಮೇಲ್ಭಾಗದ ಸಂದಿನಲ್ಲಿ ಏನೋ ಹಳದಿ. ಉಗುರಿನಿಂದ ಕಿತ್ತಳು. ಒಣಗಿ ಚಪ್ಪಟೆಯಾದ ಸಿಪ್ಪೆ, ಅದಕ್ಕಂಟಿದ ಒಂದು ಬೀಜ. ಮೂಸಿ ನೋಡಿದಳು.

“ಅಮ್ಮಾ, ಈ ಸಲ ಗಾಡಿಗೆ ನಿಂಬೆಹಣ್ಣು ಇಟ್ಟಿದ್ರಾ?”

“ಇಡ್ದೆ ಬುಟ್ಟಾರಾ ಮಗಾ? ನಾಲ್ಕ್ ಚಕ್ರದ ಮುಂದೂ ನಾನೇ ಮಡಗಿದ್ದೆ. ಶಾಫ್ಟಿಲ್ಲ, ತುಳಿಸಕಾಗಲ್ಲ, ರಿಪೇರಿ ಆದ ಮ್ಯಾಲೆ ತುಳಿಸ್ದ್ರಾಯ್ತು ಅಂತ ಅಂಗೇ ಬುಟ್ಟಿದ್ದೆ. ಬೆಳಿಗ್ಗೆ ನೋಡ್ತೀನಿ, ಚಟ್ನಿಯಾಗವೆ. ಯಾವ್ದೋ ಮೇಕೆ ತುಳೀತೇನೋ ಅಂತ ಗುಡಿಸ್ ಬಿಸಾಕ್ದೆ.”

“ಮೇಕೆ ತುಳಿದ ಹಣ್ಣು ಟೈರಿನ ತಲೆ ಮೇಲೆ ಹೇಗೆ ಹತ್ತುತ್ತೆ?”

ಶಿವಮೂರ್ತಿ ಎದ್ದು ಬಂದು ಸಿಪ್ಪೆಯನ್ನು ನೋಡಿದ, ಟೈರನ್ನು ನೋಡಿದ, ಅವ್ವನನ್ನು ನೋಡಿದ.

“ಯಾರೋ ತಳ್ಳಿರ್ಬೋದು ಬುಡಿ ಮೇಡಮ್,” ಎಂದ ಚನ್ನಯ್ಯ, ಎಲೆಅಡಿಕೆಯನ್ನು ಬೇಲಿಗೆ ಉಗಿದು. “ಹಬ್ಬದ ದಿವ್ಸ, ಐಕಳು. ನಡೀರಿ, ಬಸ್ಸೊಯ್ತದೆ.”

“ಈ ಗಾಡೀನ ಐಕಳು ತಳ್ಳಾಕಾದದಾ?” ಎಂದ ಶಿವಮೂರ್ತಿಯೇ. ತನ್ನ ವಿರುದ್ಧ ತಾನೇ ಮಾತಾಡುತ್ತಿದ್ದೇನೆಂದು ಅವನಿಗೆ ಹೊಳೆದಂತಿರಲಿಲ್ಲ.

ಹೇಮಲತಾ ಡ್ರೈವರ್ ಸೀಟಿನತ್ತ ಬಂದು ಒಳಗೆ ಬಗ್ಗಿದಳು. ಗೇರು ರಾಡು. ಅದರ ಪಕ್ಕ ಗಿಡ್ಡದೊಂದು ಲಿವರು.

“ಇದೇನು?”

“ಅದು ಮುಂದ್ಲ ಚಕ್ರದ್ದು. ಗದ್ದೆ ಕೆಸರಲ್ಲಿ ಊತ್ಕಂಡಾಗ ಅದ್ನಾಕುದ್ರ ನಾಲ್ಕ್ ಚಕ್ರಾನೂ ತಿರಗ್ತವೆ. ನಮ್ಮಪ್ಪ ಆಕ್ತಿದ್ರು.”

“ಮುಂದಿನ ಚಕ್ರಕ್ಕೆ ತಿರುಗು ಎಲ್ಲಿಂದ ಹೋಗುತ್ತೆ?”

“ಮುಂದ್ಕೂ ಒಂದು ಶಾಫ್ಟು ಅದೆಯಲ್ಲ, ಕೆಳಗಡೆ...”

ಹೇಳುತ್ತಿದ್ದವನು ಅರ್ಧಕ್ಕೇ ನಿಂತ. ಹೇಮಲತಾ ಸೀರೆ ಎತ್ತಿಕಟ್ಟಿ ನೆಲಕ್ಕೆ ಕೂತು ಜೀಪಿನ ಅಡಿಗೆ ತಲೆ ಹಾಕಿದಳು. ಹಿಂದೆ ಬರಿದು. ಮುಂದೆ, ಇಂಜಿನ್ನಿನ ಪಕ್ಕದಲ್ಲಿ, ಇನ್ನೊಂದು ಶಾಫ್ಟು ತಣ್ಣಗೆ ತನ್ನ ಜಾಗದಲ್ಲಿತ್ತು. ಅದಕ್ಕೆ ವಿಭೂತಿಯಿಲ್ಲ, ಹೂವಿಲ್ಲ. ಪೂಜೆ ಮಾಡಿಸಿಕೊಂಡ ಶಾಫ್ಟನ್ನು ಊರೆಲ್ಲ ಬಂದು ನೋಡಿತ್ತು. ಇದನ್ನು ಯಾರೂ ಬಗ್ಗಿ ನೋಡಿರಲಿಲ್ಲ.

ಅವಳು ಸೀರೆಯ ಮಣ್ಣನ್ನೂ ಕೊಡವದೆ ಎದ್ದಳು. “ಹಿಂದಿನ ಶಾಫ್ಟಿಲ್ಲದೆಯೂ ಈ ಲಿವರ್ ಹಾಕಿದರೆ ನಿಮ್ಮ ಜೀಪು ಓಡುತ್ತೆ. ಹೌದೋ ಅಲ್ಲವೋ?”

“ಓಡ್ಬೋದು. ಆದ್ರ ಆ ಲಿವರು ತುಕ್ಕಿಡ್ದು ವರ್ಸಾಯ್ತು. ಸುತ್ತಿಗೇಲಿ ಬಡುದ್ರೂ ಅಲ್ಲಾಡಲ್ಲ. ಬೇಕಾದ್ರ ನೀವೇ ಆಕಿ ನೋಡಿ.”

ಹೇಮಲತಾ ಕೈಯಿಟ್ಟಳು. ಲಿವರು ಬೆಣ್ಣೆಯಲ್ಲಿ ಜಾರಿದಂತೆ ಜಾರಿ ಟಕ್ಕನೆ ಕೂತಿತು.

ಶಿವಮೂರ್ತಿಯ ಬಾಯಿ ತೆರೆದೇ ಉಳಿಯಿತು. ಹೇಮಲತಾಳ ಅಂಗೈಗೆ ಕಪ್ಪು ಗ್ರೀಸು ಮೆತ್ತಿತ್ತು. ಹೊಸದು.

“ಹತ್ತಿ ಕೂರಿ. ಸ್ಟಾರ್ಟ್ ಮಾಡಿ.”

“ಮೇಡಮ್ಮೋರೆ, ನಂಗೊತ್ತಿರ್ನಿಲ್ಲ...”

“ಸ್ಟಾರ್ಟ್ ಮಾಡಿ! ಚನ್ನಯ್ಯನವರೇ, ಎದ್ದು ಬನ್ನಿ, ಸರಿಯಾಗಿ ನೋಡಿ. ನಿಮ್ಮನ್ನು ಕರಕೊಂಡು ಬಂದಿದ್ದೇ ಇದಕ್ಕೆ.”

ಚನ್ನಯ್ಯ ಏಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

ಶಿವಮೂರ್ತಿ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು ಹತ್ತಿದ. ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಗೇರು ಹಾಕಿ ಕ್ಲಚ್ಚು ಬಿಟ್ಟ. ಮುಂದಿನ ಚಕ್ರಗಳು ಮಣ್ಣು ಕೆದರಿದವು. ಹಿಂದಿನ ಶಾಫ್ಟು ಒರಳುಕಲ್ಲಿನ ಮೇಲೆ ಮಲಗಿರುವಾಗಲೇ ಜೀಪು ತಾನಾಗಿ ಬೇಲಿಯವರೆಗೂ ಸಾಗಿ ನಿಂತಿತು. ಹೇಮಲತಾಗೆ ಚಪ್ಪಾಳೆ ತಟ್ಟಬೇಕೆನಿಸಿತು. ಚಿಕ್ಕಮಾದು ಬದುಕಿದ! ನಾಳೆ ಸಂಜೆಗೆ ಮನೆಯಲ್ಲಿರುತ್ತಾನೆ ಎಂದು ಹೇಳಲು ರಾಚಮ್ಮನ ಕಡೆ ತಿರುಗಿದಳು.

ರಾಚಮ್ಮನ ಮುಖದಲ್ಲಿ ಸಂತೋಷವಿರಲಿಲ್ಲ. ಅವಳು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಹೇಮಲತಾ ಅದನ್ನು ಅಲ್ಲೇ ಬಿಟ್ಟಳು. ಈಗ ಅವಳ ಗುರಿ ಶಿವಮೂರ್ತಿಯ ಮೇಲಿತ್ತು.

“ವೈರಿ ಸತ್ತ. ಜೀಪು ನಿಮ್ಮದು. ಲಿವರಿಗೆ ಹೊಸ ಗ್ರೀಸು. ಶಾಫ್ಟಿಗೆ ಕುಂಕುಮ ಬಳಿದು ಊರಿಗೆಲ್ಲ ಮಂಕುಬೂದಿ ಎರಚಿದ್ರಿ. ನಿಮ್ಮ ಬದಲಿಗೆ ಬಡಪಾಯಿಯೊಬ್ಬ ಲಾಕಪ್ಪಿನಲ್ಲಿ ಕೊಳೀತಿದ್ದಾನೆ. ನಾಚಿಕೆ ಆಗಲ್ವಾ?”

“ನಮ್ಮವ್ವನಾಣೆ, ನಾ ಮುಟ್ಟಿಲ್ಲ!” ಶಿವಮೂರ್ತಿ ಜೀಪಿನಿಂದ ಬಿದ್ದಂತೆ ಇಳಿದ. “ಆ ಲಿವರು ಎಂಗೆ ಸಡ್ಲಾಯ್ತೋ ನಂಗೊತ್ತಿಲ್ಲ!”

“ಚನ್ನಯ್ಯನವರೇ, ಇವರನ್ನು ಠಾಣೆಗೆ ಕರಕೊಂಡು ನಡೀರಿ.”

“ನಿಲ್ಲಿ!”

ಮಂಗಳಮ್ಮ ಕೈಯಲ್ಲಿ ಊದುಕೊಳವೆ ಹಿಡಿದೇ ಅಂಗಳಕ್ಕೆ ಬಂದಿದ್ದಳು. “ನನ್ ಮಗನ ಮ್ಯಾಲೆ ಆಕ್ಬೇಡಿ. ಅವ್ನು ಬೈತಾನ ಅಂತ ಬಾಯಿ ಮುಚ್ಕಂಡಿದ್ದೆ. ಇನ್ನು ಮುಚ್ಕಂಡ್ರ ನಾನು ತಾಯಿ ಅಲ್ಲ.” ಅವಳು ರಾಚಮ್ಮನನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿ ತೆರೆದಳು. “ತಪ್ಪು ತಿಳ್ಕಬೇಡ ಕನವ್ವ ರಾಚಿ. ಅವತ್ತು ನೀನೂ ನಿನ್ ಗಂಡನೂ ಬಂದಿದ್ರಿ. ಏಳ್ಬುಡ್ತೀನಿ.”

ಜೀಪಿನ ಇಂಜಿನ್ನೊಂದೇ ಗುರುಗುಡುತ್ತಿತ್ತು.

“ಯಾರು ಬಂದಿದ್ದು?” ಹೇಮಲತಾ ಮಂಗಳಮ್ಮನ ಹತ್ತಿರಕ್ಕೆ ಬಂದಳು.

“ಚಿಕ್ಕಮಾದ. ಇಲ್ಲಿ ಡ್ರೈವರಾಗಿದ್ನಲ್ಲ. ಸ್ವಂತ ಜೀಪು ತಕ್ಕಂಡು ನಮ್ ಬಾಡಿಗೆಗೆ ಅಡ್ಡ ಬಂದ ಅಂತ ಇವ್ನು ಬಾಗ್ಲಿಗೆ ಬರ್ಬೇಡ ಅಂದ. ಆದ್ರ ಅವ್ನು ಒಂದ್ ವರ್ಸಾನೂ ತಪ್ಪಿಸ್ನಿಲ್ಲ. ‘ಅನ್ನ ಆಕಿದ್ ಗಾಡಿ ಕನವ್ವ’ ಅಂತ ಇವ್ನಿಲ್ದಾಗ ಬಂದು, ಒರೆಸಿ, ಊದುಬತ್ತಿ ಹಚ್ಚಿ, ಉಂಡು ಓಯ್ತಾನ. ಗ್ರೀಸಾಕದೂ ಅವ್ನೇ. ಈ ಸಲ್ವೂ ಬಂದ. ನಾನು ಕೇರಿಗೆ ಪ್ರಸಾದ ಅಂಚಕ್ಕ ಓದೆ. ತಮಟೆ, ಪಟಾಕಿ, ಏನೂ ಕೇಳುಸ್ನಿಲ್ಲ. ನಾನು ಬರಾ ಒತ್ಗ ಗಾಡಿ ಇದ್ ಜಾಗ್ದಲ್ಲೇ ಇತ್ತು, ಅವ್ರು ಓಗ್ಬುಟ್ಟಿದ್ರು.”

ಶಿವಮೂರ್ತಿ ಅವ್ವನನ್ನು ಹೊಸಬಳನ್ನು ನೋಡುವಂತೆ ನೋಡಿದ. ಹೇಮಲತಾ ಮಾತ್ರ ಜೀಪಿನ ಬಂಪರಿಗೆ ಆತು ನಿಂತಳು. ಹೆಮ್ಮಿಗೆ ಬಿಟ್ಟು ಕದಲಿಲ್ಲ ಎಂದು ಚಿಕ್ಕಮಾದು ಅವಳ ಮುಖ ನೋಡಿ ಹೇಳಿದ್ದ. ರಾಚಮ್ಮ ಮಗುವಿನ ತಲೆ ಮುಟ್ಟಿ ಹೇಳಿದ್ದಳು. ಇವರನ್ನು ನಂಬಿ ತಾನು ಊರೂರು ಸುತ್ತಿದ್ದೇ ಸುತ್ತಿದ್ದು. ಈಗ ಕೇಸಿನ ಕುತ್ತಿಗೆಗೆ ಕುಣಿಕೆ ಹಾಕಿದವಳು ತಾನೇ. ಈ ಜೀಪು ಓಡುತ್ತದೆಂದು ತೋರಿಸಿದ್ದು ತಾನು. ಅದನ್ನು ಓಡಿಸಬಲ್ಲವನು ಅವತ್ತು ಇಲ್ಲಿದ್ದ. ಅದಕ್ಕೆ ಸಾಕ್ಷಿಯಾಗಿ ಪೊಲೀಸಿನವನನ್ನೂ ಕಾಡಿಬೇಡಿ ಕರೆತಂದಿದ್ದಳು.

“ಆಯ್ತಲ್ಲ ಮೇಡಮ್,” ಎಂದ ಚನ್ನಯ್ಯ. “ಗಾಡಿ ಯಾವ್ದಾದ್ರೇನು, ಮನ್ಸ ಅವ್ನೇ. ಒಳಗೇ ಅವ್ನೆ. ಇನ್ ನಡೀರಿ.”

“ನಿಮ್ಗೆ ಗೊತ್ತಿಲ್ದೇನು ಬುಡಿ,” ಎಂದಳು ಮಂಗಳಮ್ಮ ಕಣ್ಣೊರೆಸಿಕೊಳ್ಳುತ್ತ. “ಅವ್ನ ಪಕ್ಕದ ಎಲೇಲೇ ಕುಂತು ಉಂಡ್ರಲ್ಲ. ಪಾಯ್ಸ ಇನ್ನೊಸಿ ಆಕ್ಸ್ಕಳಿ ಅಂತ ಅವ್ನೇ ನಿಮ್ಗೆ ಬಡಿಸ್ದ.”

ಹೇಮಲತಾ ಬಂಪರು ಬಿಟ್ಟು ಮೆಲ್ಲಗೆ ನೆಟ್ಟಗಾದಳು.

“ಚನ್ನಯ್ಯನವರೇ.”

“ಏನ್ ಮೇಡಮ್?”

“ಚಿಕ್ಕಮಾದು ಅವತ್ತು ಕವಲಂದೆಯಲ್ಲೇ ಇದ್ದದ್ದು ನಿಮಗೆ ಗೊತ್ತಿತ್ತು.”

“ಗೊತ್ತಿದ್ರೇನು?”

“ಅವನ ಮೇಲೆ ಇಲಾಖೆಯ ಹತ್ತಿರ ಇದ್ದದ್ದು ಹಸಿರು ಟಾರ್ಪಾಲು ಅನ್ನೋದೊಂದೇ. ಅವನು ಇದೇ ಊರಲ್ಲಿದ್ದ ಅಂತ ನೀವು ಒಂದು ಮಾತು ಹೇಳಿದ್ದರೆ ಕೇಸು ಕಲ್ಲಿನಂತೆ ಗಟ್ಟಿಯಾಗ್ತಿತ್ತು. ಅವನು ಹೆಮ್ಮಿಗೆಯಲ್ಲಿದ್ದೆ ಅಂತ ಸುಳ್ಳು ಹೇಳಿದಾಗಲೂ ನೀವು ಸುಮ್ಮನಿದ್ರಿ. ಹಿಡಿದವರೇ ಅವನ ಸುಳ್ಳನ್ನು ಯಾಕೆ ಕಾಪಾಡಿದ್ರಿ?”

ಚನ್ನಯ್ಯನ ಕೈ ಟೋಪಿಗೆ ಹೋಯಿತು, ಅಲ್ಲಿಂದ ಬೆಲ್ಟಿಗೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅವನು ಮೈಯೆಲ್ಲ ಮುಟ್ಟಿಕೊಂಡ.

“ಅಕ್ಕಾ...”

ರಾಚಮ್ಮ ಚೌಕಟ್ಟು ಬಿಟ್ಟು ಅಂಗಳಕ್ಕೆ ಇಳಿದಿದ್ದಳು. ಕಣ್ಣು ನೆಲದಲ್ಲಿತ್ತು.

“ಬೇಡ ರಾಚಮ್ಮ,” ಎಂದ ಚನ್ನಯ್ಯ, ಬಲು ಮೆತ್ತಗೆ. “ಮಗ ಚಿಕ್ಕದು.”

“ಅಂಗೇ ಅಂತಾ ಅಂತಾ ನನ್ ಗಂಡನ ಬಾಯಿ ಕಟ್ಟುದ್ರಿ. ಸುಮ್ಕಿದ್ರ ಆಕ್ಸಿಡೆಂಟು ಕೇಸು, ವರ್ಸದಲ್ಲಿ ಬುಡಿಸ್ತೀನಿ ಅಂದ್ರಿ. ಈ ಅಕ್ಕನ ಮುಂದ ಎಷ್ಟ್ ಕಿತಾ ಸುಳ್ಳಾಡ್ಲಿ ನಾನು?” ಅವಳು ಹೇಮಲತಾಳ ಕೈ ಹಿಡಿದಳು. “ನಿಂಬೆಣ್ಣು ತುಳಿಸ್ದೆ ಬುಟ್ರ ಗಾಡಿಗ ಒಳ್ಳೇದಲ್ಲ ಅಂತ ನಮ್ಮೋರೇ ಲಿವರಿಗ ಗ್ರೀಸಾಕಿ ಸಡ್ಲು ಮಾಡುದ್ರು. ಇಲ್ಲಿಂದ ಆ ಬೇಲಿಗಂಟ ಓಗಿ, ನಾಲ್ಕೂ ನಿಂಬೆಣ್ಣು ತುಳಿಸಿ, ನಿಲ್ಲುಸ್ಬುಟ್ರು. ಅಷ್ಟೇ ಕನಕ್ಕ. ನನ್ ಕೂಸಿನಾಣೆ ಅಷ್ಟೇ.”

“ಆಮೇಲೆ?”

“ಆಮೇಲೆ ಊಟ ಮಾಡಿ ಕೈ ತೊಳ್ಕಂಡ್ ಬಂದೋರು, ‘ಎಲಾ, ಮುಂದ್ಲ ಚಕ್ರದಲ್ಲೇ ಓಡ್ತದಾ, ಇಳೀಲಾ ಕೆಳಕ್ಕ, ನಾನೊಂದ್ ಕೈ ನೋಡ್ತೀನಿ’ ಅಂದ್ರು. ಇವ್ರು ಬ್ಯಾಡಿ ಸಾ, ಮುಂದ್ಲದ್ರಲ್ಲಿ ಸ್ಟೇರಿಂಗ್ ಎಳೀತದೆ ಅಂದ್ರು. ಕೇಳ್ನಿಲ್ಲ. ಇವ್ರು ಪಕ್ಕದಲ್ಲಿ ಕುಂತ್ಕಂಡ್ರು. ನಾಲೆ ಕಡೆ ಓದ್ರು...”

ಮುಂದಕ್ಕೆ ಅವಳಿಂದಾಗಲಿಲ್ಲ. ಆಗುವ ಅಗತ್ಯವೂ ಇರಲಿಲ್ಲ. ನೆಲದಲ್ಲಿದ್ದ ಅವಳ ಕಣ್ಣು ಖಾಕಿ ಪ್ಯಾಂಟಿನಡಿಯ ಒಂದು ಜೊತೆ ಕಂದು ಬೂಟಿನ ಮೇಲೆ ನಿಂತಿತ್ತು.

“ಬೇಲೀನೇ ಎದ್ದು ವಲ ಮೇಯ್ತಲ್ಲಪ್ಪ,” ಎಂದಳು ಮಂಗಳಮ್ಮ. ಊದುಕೊಳವೆ ಅವಳ ಕೈಯಿಂದ ಜಾರಿತು.

ಚನ್ನಯ್ಯ ಅವಸರಪಡಲಿಲ್ಲ. ಬೇಲಿಯತ್ತ ನಡೆದ. ಜೀಪಿನೊಳಗೆ ಕೈ ಹಾಕಿ ಇಂಜಿನ್ನು ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಗಿಡ್ಡ ಲಿವರನ್ನು ಹಿಂದಕ್ಕೆಳೆದ. ಬೆರಳಿಗೆ ಹತ್ತಿದ ಗ್ರೀಸನ್ನು ಸೀಟಿಗೆ ಒರೆಸಿದ. ಹಿತ್ತಿಲ ಗೇಟಿನ ಅಗುಳಿ ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತ.

“ಲೇ ಶಿವಮೂರ್ತಿ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಓಡಿದ್ದು ನಿನ್ ಗಾಡಿ. ಸತ್ತೋನು ನಿನ್ ವೈರಿ. ಇದು ಓಡ್ತದೆ ಅಂತ ನಾನು ಠಾಣೇಲಿ ಏಳುದ್ರ ಮದ್ಲು ಒಳಕ್ಕೋಗೋನು ನೀನು. ಇವ್ಳ ಮಾತ ಯಾರ್ಲಾ ನಂಬ್ತಾರು, ಕಟ್ಕಂಡ ಎಂಡ್ತಿ. ಯೋಚ್ನೆ ಮಾಡು.”

“ಶಿವಮೂರ್ತಿಯವರೇ, ಕೇಳಬೇಡಿ!” ಹೇಮಲತಾ ಕೂಗಿದಳು. “ನಾಳೆ ಕೋರ್ಟಿನಲ್ಲಿ ಈ ಜೀಪು ಹೀಗೇ ನಿಂತಿರಬೇಕು. ನೀವೊಬ್ಬರು ನಿಜ ಹೇಳಿದ್ರೆ ಸಾಕು, ನಾನು ನಿಮ್ಮ ಜೊತೆಗಿರ್ತೀನಿ!”

ಹತ್ತು ನಿಮಿಷದ ಹಿಂದೆ ಅವನನ್ನೇ ಕೊಲೆಗಾರ ಎಂದವಳು ತಾನೆಂಬುದು ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ನೆನಪಾಯಿತು.

“ಆ ಕ್ರಾಸ್ ಕೂರ್ಸು,” ಎಂದ ಚನ್ನಯ್ಯ. “ಶಾಫ್ಟ್ ಸೇರ್ಸು. ಇವತ್ತು ಈ ಗಾಡಿ ಅಲ್ಲಾಡಿದ್ನ ಯಾರೂ ನೋಡಿಲ್ಲ.”

ಶಿವಮೂರ್ತಿ ತನ್ನ ಅವ್ವನನ್ನು ನೋಡಿದ. ರಾಚಮ್ಮನನ್ನು ನೋಡಿದ. ಹೇಮಲತಾಳನ್ನು ನೋಡಲಿಲ್ಲ. ಒರಳುಕಲ್ಲಿನ ಮುಂದೆ ಮೊಣಕಾಲೂರಿ ಕಪ್ಪನ್ನು ಕೈಗೆತ್ತಿಕೊಂಡ, ಗ್ರೀಸು ಬಳಿದ, ಸೂಜಿಗಳನ್ನು ಒಂದೊಂದಾಗಿ ನಿಲ್ಲಿಸಿದ.

ಈ ಸಲ ಅವನ ಕೈ ನಡುಗಲಿಲ್ಲ.